ಭಿತ್ತಿಪತ್ರದ ನಗುವಿನಾಚೆ: ಸಿಯೋಡ್ಮಾಕ್‌ನ ‘ಬ್ರೆನ್ನೆಂಡೆಸ್ ಗೆಹೈಮ್‌ನಿಸ್’ ಚಿತ್ರದ ಮರುವಿಚಾರ

1933ರ ಮಾರ್ಚ್ 20ರಂದು ತೆರೆಕಂಡ ‘ಬ್ರೆನ್ನೆಂಡೆಸ್ ಗೆಹೈಮ್‌ನಿಸ್’ (ಉರಿವ ಗುಟ್ಟು) ಎಂಬ ಜರ್ಮನ್ ವಾಕ್ಚಿತ್ರವನ್ನು ಚರಿತ್ರೆ ನೆನೆಯುವುದು ಬಹುಮಟ್ಟಿಗೆ ಒಂದು ಪ್ರಸಂಗದ ಮೂಲಕ. ಅದನ್ನು ದಾಖಲಿಸಿದವನು ಮೂಲ ನೀಳ್ಗತೆಯ ಲೇಖಕ ಸ್ಟೀಫನ್ ಜ್ವೈಗ್. ಆತನ ಆತ್ಮಕಥನ ‘ನಿನ್ನೆಯ ಜಗತ್ತು’ ಹೇಳುವಂತೆ, ಬರ್ಲಿನ್ನಿನ ಸಂಸತ್ ಭವನ ರೈಷ್‌ಸ್ಟಾಗ್‌ಗೆ ಬೆಂಕಿ ಬಿದ್ದ ಮರುದಿನ ಜನ ಈ ಚಿತ್ರದ ಭಿತ್ತಿಪತ್ರಗಳ ಮುಂದೆ ಗುಂಪುಗೂಡಿ, ಒಬ್ಬರನ್ನೊಬ್ಬರು ತಿವಿದು ನಕ್ಕರು. ಬೆಂಕಿಯ ಹಿಂದೆಯೂ ಒಂದು ಗುಟ್ಟಿದೆ ಎಂಬುದೇ ಆ ನಗುವಿನ ಅರ್ಥ; ಅದು ನಾಜಿಗಳ ಗುಪ್ತ ಪೊಲೀಸರಾದ ಗೆಸ್ಟಾಪೊದವರಿಗೆ ಹೊಳೆಯಿತು. ಅದೇ ಸಂಜೆ ಪೊಲೀಸರು ಮೋಟಾರು ಸೈಕಲ್ ಏರಿ ಬಂದು ಪ್ರದರ್ಶನ ನಿಲ್ಲಿಸಿದರು. ಮರುದಿನದಿಂದ ಪತ್ರಿಕೆಗಳಲ್ಲಾಗಲಿ ಜಾಹೀರಾತು ಕಂಬಗಳಲ್ಲಾಗಲಿ ಆ ಹೆಸರೇ ಇರಲಿಲ್ಲ.

ಈ ನಿರೂಪಣೆಯನ್ನು ಪರೀಕ್ಷಿಸದೆ ಒಪ್ಪುವುದು ಕಷ್ಟ. ರೈಷ್‌ಸ್ಟಾಗ್ ಉರಿದದ್ದು ಫೆಬ್ರವರಿ 27ರ ರಾತ್ರಿ. ಚಿತ್ರದ ಬಿಡುಗಡೆ ಅದಾದ ಮೂರು ವಾರಕ್ಕೆ. ಇನ್ನು ಗೆಸ್ಟಾಪೊ ಎಂಬ ಸಂಸ್ಥೆ ಪ್ರಷ್ಯಾದಲ್ಲಿ ಸ್ಥಾಪನೆಗೊಂಡದ್ದು ಏಪ್ರಿಲ್ 26ರಂದು. ಆಗ ಜ್ವೈಗ್ ವಾಸವಿದ್ದದ್ದು ಆಸ್ಟ್ರಿಯಾದ ಜಾಲ್ಸ್‌ಬುರ್ಗ್‌ನಲ್ಲಿ. ಆತ್ಮಕಥನ ಬರೆದದ್ದು ವರ್ಷಗಳ ನಂತರ, ದೇಶಭ್ರಷ್ಟನಾಗಿ. ಕೈಯಲ್ಲಿ ಪುಸ್ತಕ, ಟಿಪ್ಪಣಿ, ಪತ್ರ ಯಾವುದೂ ಇಲ್ಲವೆಂದು ಆತನೇ ಮುನ್ನುಡಿಯಲ್ಲಿ ಹೇಳಿಕೊಂಡಿದ್ದಾನೆ. ಪುಸ್ತಕ ಅಚ್ಚಾದ 1942ರ ಹೊತ್ತಿಗೆ ಆತ ಬದುಕಿರಲಿಲ್ಲ. ಭಿತ್ತಿಪತ್ರಗಳು ಬಿಡುಗಡೆಗೆ ಮೊದಲೇ ಬೀದಿಗೆ ಬಂದಿರಬಹುದು, ನಗು ನಿಜವೇ ಇದ್ದಿರಬಹುದು. ಆದರೆ ಹಲವು ವಾರಗಳ ಘಟನೆಗಳನ್ನು ನೆನಪು ಇಲ್ಲಿ ಒಂದೇ ದಿನಕ್ಕೆ ಹಿಡಿಸಿಬಿಟ್ಟಿದೆ. ಆತ್ಮಕಥನದ ಈ ಪುಟವನ್ನು ಒಂದು ಕಾಲದ ಮನಃಸ್ಥಿತಿಗೆ ಸಾಕ್ಷಿಯೆಂದು ಓದಬೇಕೇ ಹೊರತು ದಿನಚರಿಯೆಂದಲ್ಲ.

ದಿನಾಂಕಗಳ ಈ ತಕರಾರಿಗೆ ಮಹತ್ವವಿದೆ. ಚಿತ್ರಕ್ಕೆ ಕುತ್ತು ತಂದದ್ದು ಹೆಸರೊಂದೇ ಎಂದುಕೊಂಡರೆ ಅದರ ಒಡಲಲ್ಲಿ ಏನಿತ್ತೆಂದು ಕೇಳುವ ಅಗತ್ಯವೇ ಬೀಳುವುದಿಲ್ಲ. ನಾಜಿ ಪ್ರಚಾರ ಸಚಿವ ಗೋಬೆಲ್ಸ್ ಇದನ್ನು ಕುಟುಂಬವನ್ನು ಕೆಡಿಸುವ ಚಿತ್ರವೆಂದು ಹಳಿದನೆಂಬ ಮಾತು ನಿರ್ದೇಶಕ ರಾಬರ್ಟ್ ಸಿಯೋಡ್ಮಾಕ್‌ನನ್ನು ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಆ ಆಕ್ಷೇಪದ ಗುರಿ ಕಥೆಯೇ. ಗೋಬೆಲ್ಸ್‌ನ ಪ್ರಚಾರ ಸಚಿವಾಲಯ ಹುಟ್ಟಿದ್ದು ಮಾರ್ಚ್ 13ರಂದು; ಹಿಟ್ಲರನಿಗೆ ಸರ್ವಾಧಿಕಾರ ಕೊಟ್ಟ ಶಾಸನ 23ರಂದು; ಅತಿದೊಡ್ಡ ಚಿತ್ರಸಂಸ್ಥೆ ಊಫಾ ತನ್ನ ಯಹೂದಿ ನೌಕರರನ್ನು ಹೊರಹಾಕಲು ತೀರ್ಮಾನಿಸಿದ್ದು 29ರಂದು. ಲೇಖಕ ಯಹೂದಿ, ನಿರ್ದೇಶಕ ಯಹೂದಿ, ಚಿತ್ರಕಥೆಗಾರ ಫ್ರೀಡ್ರಿಷ್ ಕೋನರ್ ಕೂಡ ಯಹೂದಿ. ಇಂಥ ಚಿತ್ರದ ಹೆಸರು ಎಷ್ಟೇ ಸಾಧುವಾಗಿದ್ದರೂ ಅದಕ್ಕೆ ಹೆಚ್ಚು ಆಯುಸ್ಸಿರುತ್ತಿರಲಿಲ್ಲ. ಮೇ 10ರ ಪುಸ್ತಕ ದಹನದಲ್ಲಿ ಜ್ವೈಗ್‌ನ ಕೃತಿಗಳೂ ಬೂದಿಯಾದವು.

ಹಾಗಾದರೆ ಕಥೆ ಏನು? 1911ರ ಈ ನೀಳ್ಗತೆ ನಡೆಯುವುದು ವಿಯೆನ್ನಾದ ದಕ್ಷಿಣಕ್ಕಿರುವ ಜೆಮ್ಮರಿಂಗ್ ಗಿರಿಧಾಮದ ಹೋಟೆಲಿನಲ್ಲಿ. ಕಾಯಿಲೆಯಿಂದ ಎದ್ದ 12 ವರ್ಷದ ಎಡ್ಗರ್ ತಾಯಿಯೊಂದಿಗೆ ಬಂದಿದ್ದಾನೆ. ರಜೆಯ ಬೇಸರ ಕಳೆಯಲು ಹೆಣ್ಣಿನ ಸಂಗ ಹುಡುಕುವ ಬ್ಯಾರನ್ ಒಬ್ಬ ಹುಡುಗನ ಗೆಳೆತನ ಸಂಪಾದಿಸಿ, ಆ ದಾರಿಯಿಂದ ತಾಯಿಯನ್ನು ಸಮೀಪಿಸುತ್ತಾನೆ. ಕೆಲಸವಾದ ಮೇಲೆ ಹುಡುಗ ಬೇಡವಾಗುತ್ತಾನೆ. ದೊಡ್ಡವರಿಬ್ಬರು ತನ್ನಿಂದ ಏನನ್ನೋ ಬಚ್ಚಿಡುತ್ತಿದ್ದಾರೆ ಎಂಬುದಷ್ಟೇ ಅವನಿಗೆ ಗೊತ್ತು, ಅದೇನೆಂದು ಗೊತ್ತಿಲ್ಲ. ಪ್ರೀತಿ ಹಗೆಯಾಗುತ್ತದೆ. ಅವನು ಇಬ್ಬರನ್ನೂ ಬಿಡದೆ ಕಾಯತೊಡಗುತ್ತಾನೆ, ಕತ್ತಲ ಓಣಿಯಲ್ಲಿ ಬ್ಯಾರನ್ ಮೇಲೆ ಬೀಳುತ್ತಾನೆ, ಕ್ಷಮಾಪಣೆಯ ಪತ್ರ ಬರೆಯೆಂದಾಗ ಒಪ್ಪದೆ ರೈಲು ಹತ್ತಿ ಬಾಡೆನ್‌ನ ಅಜ್ಜಿಯ ಮನೆಗೆ ಓಡಿಹೋಗುತ್ತಾನೆ. ಅಲ್ಲಿ ತಂದೆಯ ವಿಚಾರಣೆ ಶುರುವಾಗುತ್ತದೆ. ತಂದೆಯ ಬೆನ್ನ ಹಿಂದೆ ನಿಂತ ತಾಯಿ ತುಟಿಗೆ ಬೆರಳಿಡುತ್ತಾಳೆ. ಹುಡುಗ ನಿಜ ಹೇಳುವುದಿಲ್ಲ.

ನೀಳ್ಗತೆಯ ಕುಶಲತೆ ಇರುವುದು ನೋಟ ಕೈ ಬದಲಾಯಿಸುವ ಬಗೆಯಲ್ಲಿ. ಕಥೆ ಬ್ಯಾರನ್‌ನ ಮನಸ್ಸಿನಿಂದ ಹೊರಟು, ನಮಗೆ ಗೊತ್ತಾಗುವ ಮೊದಲೇ ಮಗುವಿನ ಮನಸ್ಸಿಗೆ ಇಳಿದಿರುತ್ತದೆ. ಓದುಗನಿಗೆ ಗುಟ್ಟು ಮೊದಲೇ ತಿಳಿದಿದೆ; ಅವನು ಕಾಯುವುದು ಗುಟ್ಟಿಗಾಗಿ ಅಲ್ಲ, ಅದು ಮಗುವನ್ನು ಏನು ಮಾಡೀತೆಂಬ ಆತಂಕದಿಂದ. ಮನಸ್ಸಿನೊಳಗಿನ ಈ ಸಂಚಾರ ಸಿನಿಮಾಕ್ಕೆ ಸುಲಭವಲ್ಲ. 1923ರಲ್ಲೇ ರೋಖುಸ್ ಗ್ಲೀಜೆ ಇದನ್ನು ಮೂಕಿಚಿತ್ರ ಮಾಡಿದ್ದ. ಹತ್ತು ವರ್ಷದ ನಂತರ ಸಿಯೋಡ್ಮಾಕ್‌ಗೆ ಮಾತೂ ಸಿಕ್ಕಿತ್ತು. ಆದರೆ ಕಥೆಯ ತುದಿ ಇರುವುದು ಮಾತು ಸಿಕ್ಕ ಹುಡುಗ ಮಾತನ್ನು ಬಿಡುವ ಗಳಿಗೆಯಲ್ಲಿ. ವಾಕ್ಚಿತ್ರ ಇನ್ನೂ ಎಳೆಯದಾಗಿದ್ದ ಕಾಲದಲ್ಲಿ ಇಂಥ ವಸ್ತುವನ್ನು ಆರಿಸಿದ್ದು ದೊಡ್ಡ ಧೈರ್ಯವೆಂದೇ ನನ್ನ ಎಣಿಕೆ.

ಪಾತ್ರ ಹಂಚಿಕೆಯಲ್ಲೂ ಕಥೆಯ ಒಳತಿಳಿವಳಿಕೆ ಕಾಣುತ್ತದೆ. ಬ್ಯಾರನ್ ಸ್ಥಾನದ ಪುರುಷನಾಗಿ ವಿಯೆನ್ನಾದ ಜನಪ್ರಿಯ ನಟ ವಿಲ್ಲಿ ಫೋರ್ಸ್ಟ್ ಬಂದದ್ದರಿಂದ ಹುಡುಗನಂತೆ ಪ್ರೇಕ್ಷಕನೂ ಮೊದಲು ಮರುಳಾಗುತ್ತಾನೆ, ಹಾಗಾಗಿ ಮುಂದಿನ ವಂಚನೆ ಇಬ್ಬರಿಗೂ ತಗಲುತ್ತದೆ. ತಂದೆಯ ಪಾತ್ರ ಆಲ್ಫ್ರೆಡ್ ಆಬೆಲ್‌ನದು. 1927ರ ‘ಮೆಟ್ರೊಪೊಲಿಸ್’ನಲ್ಲಿ ನಗರದ ಒಡೆಯನಾಗಿದ್ದವನು ಈತನೇ. ಕಥೆಯಲ್ಲಿ ಕೊನೆಗಷ್ಟೇ ಬರುವ ತಂದೆಗೆ ಆ ಮುಖ ದೊರೆತಾಗ ಅಧಿಕಾರದ ಭಾರವೂ ತಾನಾಗಿ ಕೂಡಿಕೊಳ್ಳುತ್ತದೆ. ತಾಯಿಯಾಗಿ ನಟಿಸಿದ್ದು ಹಿಲ್ಡೆ ವಾಗೆನರ್. ಎಡ್ಗರ್ ಆದ ಹಾನ್ಸ್ ಯೋಆಖಿಮ್ ಶೌಫುಸ್ 1931ರ ‘ಎಮಿಲ್ ಉಂಟ್ ಡೀ ಡಿಟೆಕ್ಟಿವೆ’ಯ ಬಾಲನಟರಲ್ಲೊಬ್ಬ, ಮುಂದೆ ಎರಡನೇ ಮಹಾಯುದ್ಧದಲ್ಲಿ ಸೈನಿಕನಾಗಿ ಸತ್ತ.

ಸಿಯೋಡ್ಮಾಕ್ 1933ರಲ್ಲೇ ಪ್ಯಾರಿಸ್ ಸೇರಿದ, ಅಲ್ಲಿಂದ ಹಾಲಿವುಡ್‌ಗೆ ಹೋದ. 1946ರ ‘ದ ಸ್ಪೈರಲ್ ಸ್ಟೇರ್‌ಕೇಸ್’ ಚಿತ್ರವನ್ನು ಎಡ್ಗರ್‌ನ ಮೌನದ ಹಿನ್ನೆಲೆಯಲ್ಲಿಟ್ಟು ನೋಡಬೇಕು. ಎಥೆಲ್ ಲೀನಾ ವೈಟ್‌ಳ ಮೂಲ ಕಾದಂಬರಿಯ ಹೆಲೆನ್‌ಗೆ ಮಾತು ಬರುತ್ತದೆ; ಚಿತ್ರದ ಹೆಲೆನ್ ಮಾತು ಕಳೆದುಕೊಂಡವಳು. ಬದಲಾವಣೆ ನಿರ್ದೇಶಕನೊಬ್ಬನದೇ ಎನ್ನಲಾಗದು. ಆದರೂ ಅಪಾಯವನ್ನು ಬಲ್ಲ, ಬಾಯಿಬಿಡಲಾಗದ ಜೀವವನ್ನು ದೊಡ್ಡ ಮನೆಯ ಓಣಿಗಳಲ್ಲಿ ಕ್ಯಾಮೆರಾ ಹಿಂಬಾಲಿಸುವ ರೀತಿಗೆ ಎಡ್ಗರ್‌ನ ಕಥೆಯೊಡನೆ ರಕ್ತಸಂಬಂಧವಿದೆ. ಭೇದವೂ ಅಷ್ಟೇ ಗಮನಾರ್ಹ: ಭೀತಿಯ ತುದಿಯಲ್ಲಿ ಹೆಲೆನ್‌ಳ ಮಾತು ಮರಳಿ, ಅವಳು ದೂರವಾಣಿ ಎತ್ತಿ ನೆರವು ಕೇಳುತ್ತಾಳೆ. ಎಡ್ಗರ್‌ನಿಗೆ ಮಾತು ಇದ್ದೇ ಇತ್ತು; ತಾಯಿಗಾಗಿ ಅವನದನ್ನು ನುಂಗಿಕೊಂಡ.