ಮಿರಜಿನ ದವಾಖಾನೆಯ ದಾರಿ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯಲ್ಲಿ ಕಾಯಿಲೆ ಊರ ವೈದ್ಯರ ಕೈಮೀರಿದಾಗ ಹಿರಿಯರ ಬಾಯಿಂದ ಬರುತ್ತಿದ್ದ ಮಾತು ಒಂದೇ: ‘ಮಿರಜಿಗೆ ಒಯ್ಯಿರಿ.’ ಆದರೆ ಒಯ್ಯುವುದು ಸುಲಭವಿರಲಿಲ್ಲ. 1927ರಲ್ಲಿ ಬಾರ್ಸಿ ಲೈಟ್ ರೈಲ್ವೆ ಮಿರಜಿನವರೆಗೆ ಬಂದ ಮೇಲೂ ಇಂಡಿ ಕಡೆಯ ರೋಗಿ ಮೂರು ಅಳತೆಯ ಹಳಿಗಳ ಮೇಲೆ ಸಾಗಬೇಕಿತ್ತು. ಹೊಟಗಿಯವರೆಗೆ ಮೀಟರ್ ಗೇಜ್, ಅಲ್ಲಿಂದ ಸೊಲ್ಲಾಪುರದ ಮೇಲೆ ಕುರ್ಡುವಾಡಿಗೆ ಬ್ರಾಡ್ ಗೇಜ್, ಮುಂದೆ ಪಂಢರಪುರದ ಮಾರ್ಗವಾಗಿ ಪುಟ್ಟ ನ್ಯಾರೋ ಗೇಜ್ ಗಾಡಿ. ಇಷ್ಟು ದೂರ ಜನರನ್ನು ಸೆಳೆದ ದವಾಖಾನೆಯನ್ನು ಕಟ್ಟಿದವರು ಸಮುದ್ರದಾಚೆಯಿಂದ ಬಂದ ಒಬ್ಬ ಸ್ವಯಂಸೇವಕ ವೈದ್ಯರು.

ಅವರೇ ವಿಲಿಯಂ ಜೇಮ್ಸ್ ವಾನ್ಲೆಸ್. 1865ರಲ್ಲಿ ಕೆನಡಾದಲ್ಲಿ ಹುಟ್ಟಿ, ನ್ಯೂಯಾರ್ಕ್‌ನಲ್ಲಿ ವೈದ್ಯಕೀಯ ಕಲಿತು, 1889ರಲ್ಲಿ ಅಮೆರಿಕದ ಪ್ರೆಸ್ಬಿಟೇರಿಯನ್ ಮಿಷನ್ನಿನ ಪರವಾಗಿ ಭಾರತಕ್ಕೆ ಬಂದರು. ಮೊದಲು ಕೆಲಸ ಮಾಡಿದ್ದು ಸಾಂಗಲಿಯಲ್ಲಿ. ನಂತರ ಪಟವರ್ಧನ ಮನೆತನದ ಆಡಳಿತದಲ್ಲಿದ್ದ ಮಿರಜಕ್ಕೆ ತೆರಳಿ 1894ರಲ್ಲಿ ಆಸ್ಪತ್ರೆ ತೆರೆದರು. ಅದಕ್ಕೆ ಅಮೆರಿಕದ ಉದ್ಯಮಿ ಜಾನ್ ಕಾನ್ವರ್ಸ್ ಹಣ ನೀಡಿದರು.

ಆ ಕಾಲದಲ್ಲಿ ‘ಸ್ವಯಂಸೇವಕ’ ಎಂಬ ಮಾತಿಗೆ ಇಂದಿನ ಅರ್ಥವಿರಲಿಲ್ಲ. 1886ರಲ್ಲಿ ಅಮೆರಿಕದ ಮೌಂಟ್ ಹರ್ಮನ್‌ನಲ್ಲಿ ಸುಮಾರು 100 ವಿದ್ಯಾರ್ಥಿಗಳು ಹೊರದೇಶದಲ್ಲಿ ಮಿಷನರಿಗಳಾಗಿ ದುಡಿಯಲು ಮುಂದೆ ಬಂದರು. ಮುಂದೆ ‘ವಿದ್ಯಾರ್ಥಿ ಸ್ವಯಂಸೇವಕ ಚಳವಳಿ’ ಎನಿಸಿಕೊಂಡದ್ದು ಇದೇ. ಇಂಥವರಲ್ಲಿ ಅನೇಕರು ಹೊರಟದ್ದು ಎರಡು ವಾರದ ಪ್ರವಾಸಕ್ಕಲ್ಲ, ಬಾಳಿನ ಬಹುಭಾಗವನ್ನು ಪರದೇಶದಲ್ಲೇ ಸವೆಸುವುದಕ್ಕೆ. ವಾನ್ಲೆಸ್ ಕೂಡ ಸುಮಾರು 40 ವರ್ಷ ಇಲ್ಲಿ ಕೆಲಸ ಮಾಡಿದರು.

ಅವರಿಗೆ ಹೆಸರು ತಂದುಕೊಟ್ಟ ಚಿಕಿತ್ಸೆಗಳಲ್ಲಿ ಕಣ್ಣಿನ ಪೊರೆಯ ಶಸ್ತ್ರಕ್ರಿಯೆ ಮುಖ್ಯವಾದದ್ದು. ಊರೂರು ಅಲೆಯುತ್ತಿದ್ದ ನಾಟಿ ಕಣ್ಣು ವೈದ್ಯರು ಮಬ್ಬಾದ ಮಸೂರವನ್ನು ಸೂಜಿಯಿಂದ ಕಣ್ಣಿನೊಳಕ್ಕೆ ತಳ್ಳಿಬಿಡುತ್ತಿದ್ದರು. ತಕ್ಷಣ ಬೆಳಕು ಕಂಡರೂ ನಂಜೇರಿ ಕಣ್ಣೇ ಹೋಗುವುದಿತ್ತು. ಆಸ್ಪತ್ರೆಯ ಪದ್ಧತಿಯಲ್ಲಿ ಆ ಮಸೂರವನ್ನೇ ಹೊರತೆಗೆಯುತ್ತಿದ್ದರು. ಆದರೆ ಕತ್ತರಿಸುವುದು ಅರ್ಧ ಕೆಲಸ ಮಾತ್ರ. ರೋಗಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ದಿನಗಟ್ಟಲೆ ಅಲುಗಾಡದೆ ಮಲಗಬೇಕಿತ್ತು. ಪಟ್ಟಿ ಬದಲಿಸಲು, ನಂಜನ್ನು ಗುರುತಿಸಲು, ಕೊನೆಗೆ ದಪ್ಪ ಕನ್ನಡಕ ಕೊಡಿಸಲು ಜನ ಬೇಕಿತ್ತು.

ಈ ಜನವನ್ನು ಇಲ್ಲಿಯೇ ತಯಾರು ಮಾಡಿದ್ದು ವಾನ್ಲೆಸ್‌ರ ದೊಡ್ಡ ಸಾಧನೆ. 1897ರಲ್ಲಿ ಅವರು ಮಿರಜಿನಲ್ಲಿ ವೈದ್ಯಕೀಯ ಶಾಲೆ ಆರಂಭಿಸಿದರು. ಕುಷ್ಠರೋಗಿಗಳಿಗೆ ಆಶ್ರಯ, ಕ್ಷಯರೋಗಿಗಳಿಗೆ ಆರೋಗ್ಯಧಾಮ ಬೆಳೆದವು. ಆರೋಗ್ಯಧಾಮದ ಸುತ್ತಿನ ಊರಿಗೆ ವಾನ್ಲೆಸ್‌ವಾಡಿ ಎಂದೇ ಹೆಸರಾಯಿತು. 1928ರಲ್ಲಿ ‘ಸರ್’ ಪದವಿ ಪಡೆದು, ಅದೇ ವರ್ಷ ನಿವೃತ್ತರಾಗಿ ಮರಳಿದ ಅವರು 1933ರಲ್ಲಿ ಅಮೆರಿಕದಲ್ಲಿ ತೀರಿಕೊಂಡರು. ಆಸ್ಪತ್ರೆ ಮಾತ್ರ ಅವರೊಂದಿಗೆ ಹೊರಟುಹೋಗಲಿಲ್ಲ. 1962ರಲ್ಲಿ ಮಿರಜಿನಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಶುರುವಾದಾಗ ಅದಕ್ಕೆ ಆಸರೆಯಾದದ್ದೂ ಇದೇ ಆಸ್ಪತ್ರೆ.

ಈ ಕಥೆಗೆ ಇನ್ನೊಂದು ಮುಖವಿದೆ. ಧರ್ಮಪ್ರಚಾರ ತಮ್ಮ ಗುರಿಯೆಂಬುದನ್ನು ಮಿಷನ್‌ಗಳು ಮುಚ್ಚಿಟ್ಟಿರಲಿಲ್ಲ. ನೋವಿನಲ್ಲಿ ಬಂದವನಿಗೆ ಔಷಧದ ಜೊತೆ ಉಪದೇಶ ಕೊಡುವುದು ಸರಿಯೇ ಎಂಬ ಪ್ರಶ್ನೆ ಆಗಲೇ ಎದ್ದಿತ್ತು. ಸೇವೆ ಸೇವೆಯಾಗಿಯೇ ಇರಲಿ, ಮತಾಂತರದ ಸಾಧನವಾಗುವುದು ಬೇಡ ಎಂದು ಗಾಂಧೀಜಿ 1931ರಲ್ಲಿ ‘ಯಂಗ್ ಇಂಡಿಯಾ’ದಲ್ಲಿ ವಾದಿಸಿದರು. ಗುಣವಾದವನ ಕೃತಜ್ಞತೆಯನ್ನು ಯಾವುದಕ್ಕೆ ಬಳಸಬಹುದು ಎಂಬ ಆ ಚರ್ಚೆ ಇಂದಿಗೂ ಮುಗಿದಿಲ್ಲ.

ಅಲ್ಪಾವಧಿಯ ಸೇವೆಗೂ ಹಳೆಯ ಉದಾಹರಣೆಯಿದೆ. ಈಗ ಪಾಕಿಸ್ತಾನದಲ್ಲಿರುವ ಸಿಂಧ್‌ನ ಶಿಕಾರ್‌ಪುರದಲ್ಲಿ ಮಿಷನರಿ ವೈದ್ಯ ಹೆನ್ರಿ ಹಾಲಂಡ್ ಪ್ರತಿ ಚಳಿಗಾಲ ಕಣ್ಣಿನ ಶಿಬಿರ ನಡೆಸುತ್ತಿದ್ದರು. ಅಮೆರಿಕ ಮುಂತಾದ ದೇಶಗಳ ವೈದ್ಯರು ಸ್ವಂತ ಖರ್ಚಿನಲ್ಲಿ ಬಂದು ಕೆಲವು ವಾರ ಶಸ್ತ್ರಕ್ರಿಯೆ ಮಾಡಿ ಹೋಗುತ್ತಿದ್ದರು. ರೋಗಿಗಳಿಗೆ ದೃಷ್ಟಿ ಬಂತು. ತಮ್ಮ ದೇಶದಲ್ಲಿ ಅಷ್ಟು ಬೇಗ ಸಿಗದ ಕೈಪಳಗು ಅತಿಥಿ ವೈದ್ಯರಿಗೂ ದಕ್ಕಿತು. ಅದು ನಡೆದದ್ದು ವರ್ಷ ವರ್ಷವೂ ಅಲ್ಲಿಯೇ ಇರುತ್ತಿದ್ದ ಸಂಸ್ಥೆಯೊಂದರ ಬಲದಿಂದ ಎಂಬುದನ್ನು ಮರೆಯಬಾರದು.

ಇಂದು ವಿಮಾನವೇರಿ ಬರುವ ವೈದ್ಯರ ತಂಡಗಳು ಜಗತ್ತಿನ ಬಡ ಊರುಗಳಲ್ಲಿ ಕೆಲವು ದಿನ ಶಿಬಿರ ನಡೆಸಿ ಮರಳುತ್ತವೆ. ಭಾರತದಲ್ಲಿ ಹೊರದೇಶದ ವೈದ್ಯರು ಚಿಕಿತ್ಸೆ ನೀಡಲು ಸರ್ಕಾರಿ ಆಯೋಗದ ತಾತ್ಕಾಲಿಕ ಅನುಮತಿ ಪಡೆಯಬೇಕು. ಅವರ ಸದುದ್ದೇಶವನ್ನು ಯಾರೂ ಅಲ್ಲಗಳೆಯಬೇಕಿಲ್ಲ. ಆದರೆ ತಂಡ ಹೊರಟ ಮರುದಿನ ಕಣ್ಣು ಕೆಂಪಾದರೆ ಅಜ್ಜಿ ಯಾರ ಬಳಿ ಹೋಗಬೇಕು?

ಇಂಡಿ ಸೀಮೆಯವರಿಗೆ ಈಗ ಹತ್ತಿರದ ಉತ್ತರವಿದೆ. ವಿಜಯಪುರದಲ್ಲಿ 1984 ಮತ್ತು 1986ರಲ್ಲಿ ಎರಡು ವೈದ್ಯಕೀಯ ಕಾಲೇಜುಗಳು ಆರಂಭವಾದವು. ಮೂರು ಗೇಜಿನ ಪ್ರಯಾಣ ಹಳೆಯ ನೆನಪಾಯಿತು. ಹೊರಗಿನವರು ಹೊತ್ತಿಸಿದ ದೀಪಕ್ಕೆ ಎಣ್ಣೆ ಹಾಕುವ ಕೈಗಳು ಊರಿನವೇ ಆಗಬೇಕು ಎಂಬುದೇ ಮಿರಜಿನ ದವಾಖಾನೆ ಕಲಿಸಿದ ಪಾಠ.