ರಬ್ಬರ್ ಹಾಲಿನಿಂದ ನಾಡಿ ಅಳೆಯುವ ಪಟ್ಟಿ: ಗಿಡದಿಂದ ಬಂದದ್ದೆಲ್ಲ ಪರಿಸರಸ್ನೇಹಿಯೇ?

ಪುತ್ತೂರು, ಸುಳ್ಯ, ಕಡಬದ ತೋಟಗಳಲ್ಲಿ ಮುಂಜಾನೆ ಟ್ಯಾಪಿಂಗ್ ಮಾಡಿ ಇಳಿಸಿದ ರಬ್ಬರ್ ಹಾಲು ಶೀಟಾಗಿ, ಕೊನೆಗೆ ಟಯರೋ ಚಪ್ಪಲಿಯೋ ಆಗುತ್ತದೆ. ಅದೇ ರಬ್ಬರ್ ನಾಡಿಬಡಿತ ಅಳೆಯುವ ಸಾಧನವೂ ಆಗಬಲ್ಲದು. ದೇಹದ ಸಂಕೇತಗಳನ್ನು ಗ್ರಹಿಸುವ ಇಂಥ ಸಾಧನಗಳ ಕ್ಷೇತ್ರವೇ ಜೈವಿಕ ಎಲೆಕ್ಟ್ರಾನಿಕ್ಸ್. ಗಿಡಮೂಲದ ವಸ್ತು ಬಳಸಿದರೆ ಸಾಕು, ಸಾಧನ ಪರಿಸರಸ್ನೇಹಿಯಾಗುತ್ತದೆ ಎಂಬ ನಂಬಿಕೆಯೂ ಇದೆ. ಅದು ಎಷ್ಟು ನಿಜ?

ರಬ್ಬರಿನಲ್ಲಿ ಕರೆಂಟ್ ಹರಿಯುತ್ತದೆಯೇ?

ಬರಿಯ ರಬ್ಬರಿನಲ್ಲಿ ಹರಿಯುವುದಿಲ್ಲ. ಅದಕ್ಕೇ ಲೈನ್‌ಮನ್‌ಗಳು ರಬ್ಬರ್ ಕೈಗವಸು ತೊಡುತ್ತಾರೆ. ಆದರೆ ಅದರೊಳಗೆ ಗ್ರಾಫೀನ್ ಸೇರಿಸಿದರೆ ಕಥೆ ಬೇರೆ. ಪೆನ್ಸಿಲ್ ಕಡ್ಡಿಯಲ್ಲಿರುವ ಗ್ರಾಫೈಟಿನ ಅತಿ ತೆಳುವಾದ ಪದರವೇ ಗ್ರಾಫೀನ್. ಈ ಪದರಗಳು ಒಂದಕ್ಕೊಂದು ತಾಗಿಕೊಂಡು ವಿದ್ಯುತ್ತಿಗೆ ದಾರಿ ಮಾಡಿಕೊಡುತ್ತವೆ. ರಬ್ಬರನ್ನು ಎಳೆದಾಗ ಅವು ದೂರ ಸರಿದು ವಿದ್ಯುತ್ ರೋಧ ಹೆಚ್ಚುತ್ತದೆ. ಆ ಏರಿಳಿತವನ್ನು ಅಳೆದರೆ ಎಳೆತ ಎಷ್ಟೆಂದು ತಿಳಿಯುತ್ತದೆ. 2014ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜು ಮತ್ತು ಇಂಗ್ಲೆಂಡಿನ ಸರ್ರೆ ವಿಶ್ವವಿದ್ಯಾಲಯದ ಸಂಶೋಧಕರು ಅಂಗಡಿಯಲ್ಲಿ ಸಿಗುವ ರಬ್ಬರ್ ಬ್ಯಾಂಡಿಗೆ ಗ್ರಾಫೀನ್ ಹೀರಿಸಿ, ನಾಡಿ, ಉಸಿರಾಟ, ಕೀಲುಗಳ ಚಲನೆಯನ್ನು ಹೀಗೆಯೇ ದಾಖಲಿಸಿದರು.

ಮರದ ಹಾಲಾದ್ದರಿಂದ ಬೇಗ ಕೊಳೆಯುತ್ತದೆಯೇ?

ಇಲ್ಲ. ಬ್ಯಾಂಡ್ ತಯಾರಿಸುವಾಗ ರಬ್ಬರಿಗೆ ಗಂಧಕ ಬೆರೆಸಿ ಬಿಸಿ ಮಾಡುತ್ತಾರೆ. ಗಂಧಕವು ರಬ್ಬರಿನ ಉದ್ದುದ್ದ ಅಣುಗಳ ನಡುವೆ ಕೊಂಡಿ ಹಾಕುತ್ತದೆ. ಇದರಿಂದ ಬಾಳಿಕೆ ಹೆಚ್ಚುತ್ತದೆ, ಸೂಕ್ಷ್ಮಜೀವಿಗಳಿಗೆ ಅದನ್ನು ಒಡೆಯುವುದು ಕಷ್ಟವಾಗುತ್ತದೆ. ಮೇಲಿನ ಪ್ರಯೋಗದಲ್ಲಿ ಬ್ಯಾಂಡನ್ನು ಉಬ್ಬಿಸಲು ಟಾಲೂಯಿನ್ ಎಂಬ ದ್ರಾವಕವನ್ನೂ ಬಳಸಿದ್ದರು. ಅದು ಪೆಟ್ರೋಲಿಯಂ ಮೂಲದ್ದು.

ಚರ್ಮಕ್ಕೆ ಸುರಕ್ಷಿತವೇ?

ಎಲ್ಲರಿಗೂ ಅಲ್ಲ. ರಬ್ಬರ್ ಹಾಲಿನಲ್ಲಿರುವ ಪ್ರೋಟೀನುಗಳು ಕೆಲವರಿಗೆ ಅಲರ್ಜಿ ತರುತ್ತವೆ. ತುರಿಕೆಯಿಂದ ಹಿಡಿದು ಜೀವಕ್ಕೆ ಅಪಾಯವಾಗುವ ಉಸಿರಾಟದ ತೊಂದರೆಯವರೆಗೂ ಅದು ಹೋಗಬಹುದು. ಇಂಥವರಲ್ಲಿ ಕೆಲವರಿಗೆ ಬಾಳೆಹಣ್ಣು, ಬೆಣ್ಣೆಹಣ್ಣು ಕೂಡ ಒಗ್ಗುವುದಿಲ್ಲ. ರಬ್ಬರ್ ಕೈಗವಸು ಅಥವಾ ಬಲೂನು ಮುಟ್ಟಿದಾಗ ಮೈ ತುರಿಸಿದ ಅನುಭವವಿದ್ದರೆ ವೈದ್ಯರಿಗೆ ಮೊದಲೇ ತಿಳಿಸಿ.

ಹಾಗಾದರೆ ಗಿಡಮೂಲದ ವಸ್ತುವಿನಿಂದ ಪ್ರಯೋಜನವಿಲ್ಲವೇ?

ಖಂಡಿತ ಇದೆ. 2022ರಲ್ಲಿ ಜಗತ್ತಿನಲ್ಲಿ 6.2 ಕೋಟಿ ಟನ್ ಇ-ತ್ಯಾಜ್ಯ ಉಂಟಾಯಿತು. ಅದರಲ್ಲಿ ಕ್ರಮಬದ್ಧವಾಗಿ ಮರುಬಳಕೆಯಾದದ್ದು ಕಾಲು ಭಾಗಕ್ಕಿಂತ ಕಡಿಮೆ. ಆದ್ದರಿಂದ ಬಳಕೆ ಮುಗಿದ ಮೇಲೆ ಏನಾಗಬೇಕು ಎಂಬುದನ್ನು ಮೊದಲೇ ಯೋಚಿಸಿ ವಸ್ತುವನ್ನು ಆರಿಸುವ ಪ್ರಯತ್ನಗಳು ನಡೆದಿವೆ. ಅರಳಿ ಎಲೆಯನ್ನು ನೀರಿನಲ್ಲಿ ನೆನೆಹಾಕಿ, ಉಳಿದ ನರಗಳ ಬಲೆಯನ್ನು ಪುಸ್ತಕದೊಳಗೆ ಇಡುತ್ತಿದ್ದುದು ನೆನಪಿದೆಯೇ? ಜರ್ಮನಿಯ ಡ್ರೆಸ್ಡೆನ್ ತಾಂತ್ರಿಕ ವಿಶ್ವವಿದ್ಯಾಲಯದ ತಂಡ 2024ರಲ್ಲಿ ಅಂಥದೇ ಎಲೆಬಲೆಗೆ ಸೆಲ್ಯುಲೋಸ್ ಮೂಲದ ಲೇಪನ ಕೊಟ್ಟು ಸರ್ಕ್ಯೂಟ್ ಬೋರ್ಡ್ ಮಾಡಿ ತೋರಿಸಿತು. ಅದು ಬೆಸುಗೆಯ ಬಿಸಿಯನ್ನು ತಾಳುತ್ತದೆ, ಆಮೇಲೆ ಗೊಬ್ಬರದಲ್ಲಿ ಕೊಳೆಯುತ್ತದೆ. ಬೋರ್ಡಿನ ಮೇಲಿನ ಲೋಹ ಮತ್ತು ಚಿಪ್‌ಗಳನ್ನು ಮಾತ್ರ ಬೇರ್ಪಡಿಸಿ ತೆಗೆಯಬೇಕು.

ಹಾಗಾಗಿ "ನೈಸರ್ಗಿಕ" ಎಂಬ ಲೇಬಲ್ ಕಂಡರೆ ಮೂರು ಸಂಗತಿ ಕೇಳಿ: ಅದಕ್ಕೆ ಏನೇನು ಬೆರೆಸಿದ್ದಾರೆ? ಮೈಗೆ ಒಗ್ಗುತ್ತದೆಯೇ? ಹಾಳಾದ ಮೇಲೆ ಎಲ್ಲಿಗೆ ಹೋಗುತ್ತದೆ?