ಮಣ್ಣು ಆರಿಸುವ ವಿದ್ಯೆ: ಕೆರೆಯಂಗಳದಿಂದ ಕಾವೊಲಿನ್‌ವರೆಗೆ

ತಿಗರಿಯ ಮುಂದೆ ಹೊಸದಾಗಿ ಕೂತವರು ಕೇಳುವ ಮೊದಲ ಪ್ರಶ್ನೆ: ‘ಒಳ್ಳೆಯ ಮಣ್ಣು ಯಾವುದು?’ ಅದಕ್ಕೆ ಎರಡು ಮರುಪ್ರಶ್ನೆಗಳೇ ಉತ್ತರ. ಪಾತ್ರೆಯಿಂದ ಆಗಬೇಕಾದ ಕೆಲಸವೇನು? ನಿಮ್ಮ ಬೆಂಕಿಯ ಕಾವು ಎಷ್ಟು?

ಹಳ್ಳಿಯ ಕುಂಬಾರರಿಗೆ ಇದು ಎಂದೋ ಗೊತ್ತಿತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಂಗಳದ ಜೇಡಿಮಣ್ಣು ತಂದು, ಒಣಗಿಸಿ, ನೆನೆಸಿ, ತುಳಿದು ಹದಮಾಡುತ್ತಾರೆ. ಅಡುಗೆಯ ಮಡಕೆಗಾದರೆ ಮರಳು ಬೆರೆಯಬೇಕು. ಮೈ ಒಂದಿಷ್ಟು ಸಡಿಲವಾಗಿದ್ದರೆ ಒಲೆಯ ಮೇಲೆ ಹಿಗ್ಗಿ ಕುಗ್ಗಿದರೂ ಒಡೆಯದು. ನೀರಿನ ಹರವಿಗೆ ಸೂಕ್ಷ್ಮ ರಂಧ್ರಗಳೇ ಬೇಕು. ಜಿನುಗಿದ ನೀರು ಆವಿಯಾದರೆ ತಾನೇ ಒಳಗಿನದು ತಣ್ಣಗಾಗುವುದು. ಎರೆಮಣ್ಣು ಕೈಗೆ ಎಷ್ಟೇ ನುಣುಪಾಗಿದ್ದರೂ ಒಣಗುವಾಗ ವಿಪರೀತ ಕುಗ್ಗಿ ಬಿರಿಯುತ್ತದೆ. ಸುಣ್ಣಕಲ್ಲಿನ ಹರಳು ಉಳಿದರಂತೂ ಮೋಸ ಆಮೇಲೆ ತಿಳಿಯುತ್ತದೆ: ಸುಟ್ಟ ಸುಣ್ಣ ತೇವ ಹೀರಿ ಉಬ್ಬಿ, ಆವಿಗೆಯಿಂದ ಚೆನ್ನಾಗಿಯೇ ಬಂದ ಮಡಕೆಯ ಮೈಯಿಂದ ಚಕ್ಕೆ ಏಳಿಸುತ್ತದೆ.

ಮಣ್ಣಿನ ಬಣ್ಣವನ್ನೂ ನಂಬುವಂತಿಲ್ಲ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದಾಗ ಬೃಹತ್ ಶಿಲಾ ಸಂಸ್ಕೃತಿಯ ಕಪ್ಪು-ಕೆಂಪು ಪಾತ್ರೆಗಳು ಸಿಕ್ಕವು. ಒಂದೇ ಮಣ್ಣು, ಎರಡು ಬಣ್ಣ. ಗಾಳಿ ತಗುಲಿದ ಕಡೆ ಕಬ್ಬಿಣದ ಅಂಶ ಕೆಂಪಾಗಿದೆ, ಗಾಳಿಯಿಲ್ಲದೆ ಹೊಗೆಯಾಡಿದ ಕಡೆ ಕಪ್ಪು.

1865ರಲ್ಲಿ ಬಾಸೆಲ್ ಮಿಷನ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದಾಗ ಬೇಡಿಕೆಯೇ ಬದಲಾಯಿತು. ಯಂತ್ರದಲ್ಲಿ ಒತ್ತಿದ ಸಾವಿರಾರು ಹೆಂಚುಗಳು ಒಂದೇ ಅಳತೆಗೆ ಕುಗ್ಗಬೇಕು, ಇಲ್ಲವಾದರೆ ಒಂದಕ್ಕೊಂದು ಕೂರವು. ನೇತ್ರಾವತಿ, ಗುರುಪುರ ನದಿಗಳ ದಂಡೆಯ ಜೇಡಿ ಆ ಕೆಲಸಕ್ಕೆ ಒದಗಿತು.

ಬಿಳಿಮಣ್ಣಿನ ದಾರಿ ಬೇರೆ. ಚೀನಾದ ಜಿಂಗ್‌ಡೆಜೆನ್ ಬಳಿಯ ಗಾವೊಲಿಂಗ್ ಗುಡ್ಡದ ಹೆಸರೇ ಆ ಮಣ್ಣಿಗೆ ‘ಕಾವೊಲಿನ್’ ಎಂದಾಯಿತು. ಯುರೋಪಿನವರು ಅದರಿಂದಾಗುವ ಪಿಂಗಾಣಿಯ ಗುಟ್ಟಿಗಾಗಿ ಹಂಬಲಿಸಿ, 1710ರಲ್ಲಿ ಜರ್ಮನಿಯ ಮೈಸನ್‌ನಲ್ಲಿ ತಮ್ಮದೇ ಪೋರ್ಸಲೇನ್ ಕಾರ್ಖಾನೆ ಕಟ್ಟಿದರು. ಕಾವೊಲಿನ್ ಬರಿದಾಗಿ ತಿಗರಿಯಲ್ಲಿ ಏಳದು, ಸುಲಭವಾಗಿ ಕರಗದು. ಅದಕ್ಕೆ ಫೆಲ್ಡ್‌ಸ್ಪಾರ್ ಬೆರೆಸಿ 1300 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಸುಟ್ಟರೆ ಮೈ ಗಾಜಿನಂತಾಗಿ ನೀರು ಹೀರುವುದನ್ನೇ ಬಿಡುತ್ತದೆ. ಬೆಂಗಳೂರಿನ ಪೋರ್ಸಲೇನ್ ಕಾರ್ಖಾನೆಯಲ್ಲಿ ಅದು ವಿದ್ಯುತ್ ತಂತಿಯ ಇನ್ಸುಲೇಟರ್‌ಗಳಾದದ್ದು ಈ ಗುಣದಿಂದಲೇ.

ಇಷ್ಟಕ್ಕೇ ಬಿಳಿಮಣ್ಣು ಮೇಲು, ಕೆಂಪುಮಣ್ಣು ಕೀಳು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಪಿಂಗಾಣಿ ಬಟ್ಟಲನ್ನು ಸೌದೆಯೊಲೆಗೆ ಇಟ್ಟರೆ ಸೀಳುತ್ತದೆ. ಮರಳು ಬೆರೆತ ಮಡಕೆ ಅದೇ ಬೆಂಕಿಯ ಮೇಲೆ ಸಾರು ಕುದಿಸುತ್ತದೆ.

ಇವೆರಡರ ನಡುವಿನದು ಸ್ಟೋನ್‌ವೇರ್. ಪುದುಚೇರಿಯಲ್ಲಿ 1971ರಲ್ಲಿ ರೇ ಮೀಕರ್, ಡೆಬೊರಾ ಸ್ಮಿತ್ ಕಟ್ಟಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಲ್ಲಿ ಕಲಿತವರಿಂದ ಅದು ದೇಶದ ಸ್ಟುಡಿಯೋಗಳಿಗೆ ಹಬ್ಬಿತು. ಈಗ ಹದಮಾಡಿದ ಮಣ್ಣು ಚೀಲದಲ್ಲೇ ಸಿಗುತ್ತದೆ. ಕೊಳ್ಳುವಾಗ ಅದನ್ನು ಎಷ್ಟು ಡಿಗ್ರಿಗೆ ಸುಡಬೇಕೆಂದು ಕೇಳಿಕೊಳ್ಳಿ: ಕೆರೆಯ ಕೆಂಪುಮಣ್ಣನ್ನು ಸ್ಟೋನ್‌ವೇರ್‌ನ 1250 ಡಿಗ್ರಿಗೆ ಏರಿಸಿದರೆ ಪಾತ್ರೆ ಕುಸಿದು ಹಲಗೆಗೆ ಅಂಟಬಹುದು. ನಿಮ್ಮೂರ ಮಣ್ಣಾದರೆ ಬೆರಳಿನಷ್ಟು ದಪ್ಪದ ಬತ್ತಿ ಹೊಸೆದು ಬೆರಳಿಗೇ ಸುತ್ತಿ, ಬಿರುಕು ನೋಡಿ. ಒಂದು ಬಿಲ್ಲೆ ತಟ್ಟಿ ಅದರ ಮೇಲೆ 10 ಸೆಂಟಿಮೀಟರ್ ಗೆರೆ ಎಳೆಯಿರಿ. ಗೆರೆ ಎಷ್ಟು ಕುಗ್ಗಿತೆಂದು ಒಣಗಿದ ಮೇಲೊಮ್ಮೆ, ಸುಟ್ಟ ಮೇಲೊಮ್ಮೆ ಅಳೆಯಿರಿ.